ಒಂದು ದಿನದ ನವೀನ

ಆ ಆದಿತ್ಯವಾರ ಊರಿನ ಮದುವೆಗಳೆಲ್ಲ ಒಂದೇ ಮುಹೂರ್ತಕ್ಕೆ ಬಿದ್ದದ್ದರಿಂದ ಬಂಟ್ವಾಳದಿಂದ ಬಿ.ಸಿ.ರೋಡಿನವರೆಗೆ ಬಾಡಿಗೆಗೆ ಉಳಿದದ್ದು ಒಂದೇ ಕಾರು. ಅದು ನೌಫಲನದ್ದು. ಅಣ್ಣು ಶೆಟ್ಟರ ಕಷ್ಟ ಶುರುವಾದದ್ದು ಅಲ್ಲಿಂದ.

ಬೇರೆ ದಿನವಾಗಿದ್ದರೆ ಅದು ಕಷ್ಟವೇ ಅಲ್ಲ. ಶೆಟ್ಟರ ಜೆರಾಕ್ಸ್ ಅಂಗಡಿಯ ಎದುರಿಗೇ ನೌಫಲ್ ಕಾರು ನಿಲ್ಲಿಸುವುದು. ಹೆಂಡತಿ ಕುಸುಮಳಿಗೆ ಆಪರೇಷನ್ ಆದಾಗ ಆಸ್ಪತ್ರೆಯ ವರಾಂಡದಲ್ಲಿ ಶೆಟ್ಟರ ಜೊತೆ ಕೂತವನು ಅವನು. ಶೆಟ್ಟರು ತೂಕಡಿಸುತ್ತಿದ್ದಾಗ ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಟ್ಟುಕೊಂಡವನೂ ಅವನೇ. ಬ್ಯಾರಿ ಮುಸ್ಲಿಮರ ಪೆರ್ನಾಲ್ ಹಬ್ಬಕ್ಕೆ ಅವನ ಹೆಂಡತಿ ಸಬೀಹಾ ಕಳಿಸುವ ಬಿರಿಯಾನಿಯನ್ನು ಶೆಟ್ಟರು ಅಂಗಡಿಯ ಶಟರ್ ಅರ್ಧ ಎಳೆದು ತಿನ್ನುತ್ತಿದ್ದರು. ಶಟರ್ ಯಾಕೆ ಎಳೆಯಬೇಕು ಎಂದು ನೌಫಲ್ ಒಮ್ಮೆಯೂ ಕೇಳಿರಲಿಲ್ಲ. ಹೀಗೆ ಕೇಳದೆ ಇರುವುದಕ್ಕೇ ಸ್ನೇಹ ಎನ್ನುತ್ತಾರೆಂದು ಶೆಟ್ಟರು ತಿಳಿದಿದ್ದರು.

ಆದರೆ ಈ ಆದಿತ್ಯವಾರ ಕಾರಿನಲ್ಲಿ ಕೂರುವವರು ಮೋಹಿನಿಯಕ್ಕ.

ಮೋಹಿನಿಯಕ್ಕ ಎಂದರೆ ಶೆಟ್ಟರ ಒಡಹುಟ್ಟಿದ ಅಕ್ಕ, ಮಡಂತ್ಯಾರಿನ ಒಂದು ಭಜನಾ ಮಂಡಳಿಯ ಅಧ್ಯಕ್ಷೆ. ಅವರ ಮೊಬೈಲಿಗೆ ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟಿನ ಹಾಗೆ ಹೊಸ ಹೆದರಿಕೆಯೊಂದು ಬಂದು ಬೀಳುತ್ತಿತ್ತು. ಅವರು ಅದನ್ನು ಕಾಯಿಸುವ ಗೋಜಿಗೂ ಹೋಗದೆ ನಾಲ್ಕಾರು ಗ್ರೂಪಿಗೆ ಹಂಚಿಬಿಡುತ್ತಿದ್ದರು. ಯಾರ ಅಂಗಡಿಯಿಂದ ಹಣ್ಣು ತರಬಾರದು, ಯಾರ ರಿಕ್ಷಾ ಹತ್ತಬಾರದು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಅಂಥ ಅಕ್ಕನ ಒಂದು ಮಾತು ಶೆಟ್ಟರಿಗೆ ಈಗ ಬೇಕಾಗಿತ್ತು. ಮಂಗಳೂರಿನಲ್ಲಿ ಟೀಚರಾಗಿದ್ದ ಮಗಳು ತೃಷಾ, ಬಂದ ಸಂಬಂಧಗಳನ್ನೆಲ್ಲ ಬೇಡ ಬೇಡ ಎಂದು ತಳ್ಳಿ, ಕೊನೆಗೆ ಮೂಡುಬಿದಿರೆಯ ತರುಣ್ ಎಂಬ ಲೈಬ್ರೇರಿಯನ್ನನ್ನು ತಾನಾಗಿ ಮೆಚ್ಚಿಕೊಂಡಿದ್ದಳು. ಹುಡುಗನ ತಾಯಿ ವಾರಿಜ ಟೀಚರಿಗೂ ಒಪ್ಪಿಗೆ. ಆದರೆ ಅವರು ಒಂದು ಮಾತು ಹೇಳಿದ್ದರು: ಹುಡುಗಿಯ ಸೋದರತ್ತೆಯೂ ಬಂದು ಬಾಯಿಬಿಟ್ಟು ಸರಿ ಅನ್ನಲಿ, ನಾಳೆ ನನಗೆ ಹೇಳಲಿಲ್ಲ ಎಂಬ ಜಗಳ ಬೇಡ. ಮೋಹಿನಿಯಕ್ಕನೋ, ಮೂರು ಹಳೇ ಜಾಗದಲ್ಲಿ ಕೈಮುಗಿಯದೆ ತಾನು ಬಾಯಿ ತೆರೆಯುವುದಿಲ್ಲ ಎಂದಿದ್ದರು. ಹಾಗೆ ನಿಶ್ಚಯವಾಯಿತು: ಬೆಳ್ತಂಗಡಿ ಕಡೆಯ ಹೊಳೆಬದಿಯ ಶಿವಾಲಯ, ವೇಣೂರಿನ ಗೊಮ್ಮಟ, ಕೊನೆಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಅಲ್ಲಿ ವಾರಿಜ ಟೀಚರು ಕಾಯುತ್ತಾರೆ, ಅಕ್ಕ ಒಂದು ಮಾತು ಹೇಳುತ್ತಾರೆ, ಮದುವೆ ಗಟ್ಟಿ.

ಬೆಳಿಗ್ಗೆ ಅಂಗಳಕ್ಕೆ ಕಾರು ಬಂದಾಗ ಶೆಟ್ಟರು ನೌಫಲನನ್ನು ತೆಂಗಿನ ಮರದ ಹಿಂದಕ್ಕೆ ಕರೆದು, ಉಗುರು ಕಚ್ಚುತ್ತಾ, ವಿಷಯ ಹೇಳಿದರು. ಒಂದು ದಿನದ ಮಟ್ಟಿಗೆ ಮಾತ್ರ. ನವೀನ ಅಂತ. ಎರಡೂ ನಕಾರದಿಂದಲೇ ಶುರು, ತಪ್ಪಿ ಬಾಯಿಗೆ ಬಂದರೂ ನುಂಗಿಕೊಳ್ಳಬಹುದು.

ನೌಫಲ್ ಕಾರಿನ ಕನ್ನಡಿ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ.

"ಸಂಜೆ ವಾಪಸ್ ಕೊಡ್ತೀರಲ್ವ ಶೆಟ್ರೇ?"

"ಎಂತದ್ದು?"

"ನನ್ನ ಹೆಸರು."

ಶೆಟ್ಟರು ನಕ್ಕರು. ನೌಫಲನೂ ನಕ್ಕ. ಆದರೆ ಮೆಟ್ಟಿಲ ಮೇಲೆ ನಿಂತಿದ್ದ ಕುಸುಮ ನಗಲಿಲ್ಲ. "ಇನ್ನೊಬ್ಬರ ಹೆಸರು ತಿದ್ದಲಿಕ್ಕೆ ಅದೆಂತ ನಿಮ್ಮ ಜೆರಾಕ್ಸ್ ಕಾಪಿಯಾ? ಅತ್ತಿಗೆಗೆ ನಿಜ ಹೇಳಿ. ಬರುವುದಾದ್ರೆ ಬರ್ಲಿ, ಇಲ್ಲದಿದ್ರೆ ಬಸ್ಸಿನಲ್ಲಿ ಹೋಗುವ," ಎಂದಳು. ಮಗಳ ಮದುವೆಯ ಪ್ರಶ್ನೆ ಎಂದು ಶೆಟ್ಟರು ಕೈಮುಗಿದರು. ಕಾರಿನ ಒಳಗೆ ಮುಂಭಾಗದಲ್ಲಿ ಅಂಟಿಸಿದ್ದ ಅರಬಿ ಬರಹದ ಮೇಲೆ ಮುಚ್ಚಲೆಂದು ಅವರು ಅಂಗಡಿಯಲ್ಲೇ ಪ್ರಿಂಟ್ ಹೊಡೆದ ಬಣ್ಣದ ಗಣಪತಿಯೊಂದನ್ನು ತಂದಿದ್ದರು. ಒಂದರ ಮೇಲೆ ಒಂದು ಅಂಟಿಸುವುದು ಇಬ್ಬರಿಗೂ ಮರ್ಯಾದೆ ಅಲ್ಲ ಎಂದು ನೌಫಲ್ ತಡೆದ. ಕುಸುಮ ಒಳಗಿಂದ ಒಗೆದ ಬೈರಾಸು ಟವೆಲೊಂದನ್ನು ತಂದು ಮೆಲ್ಲ ಹೊದೆಸಿದಳು, ಮಲಗಿದ ಮಗುವಿಗೆ ಹೊದೆಸಿದ ಹಾಗೆ.

ಮಡಂತ್ಯಾರಿನಲ್ಲಿ ಮೋಹಿನಿಯಕ್ಕ ಹತ್ತಿದರು. ಹಿಂದಿನ ಸೀಟು ಒಂದು ಸಲ ನಿಟ್ಟುಸಿರು ಬಿಟ್ಟಿತು. ಕೂತ ಕೂಡಲೇ ಅವರು ಕೇಳಿದ್ದು ಕ್ಷೇಮಸಮಾಚಾರವಲ್ಲ. ನಮ್ಮ ಕಡೆ ಈಗ ಮೊದಲು ಕೇಳುವುದು ಅದನ್ನಲ್ಲ.

"ಹೆಸರೆಂತ ಮಗಾ?"

"ನವೀನ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಯಾರವನು ಎಂದು ಅಕ್ಕ ಕೇಳಿದರು. ಶೆಟ್ಟಿಯೇ, ನಮ್ಮವನೇ ಎಂದು ಶೆಟ್ಟರ ಬಾಯಿ ಹೇಳಿಬಿಟ್ಟಿತು. ಸುಳ್ಳಿನ ಗುಣವೇ ಹಾಗೆ. ಒಂದನ್ನು ಮನೆಯೊಳಗೆ ಬಿಟ್ಟರೆ ಅದು ತನ್ನ ಸಂಸಾರವನ್ನೂ ಕರೆದುಕೊಂಡೇ ಬರುತ್ತದೆ.

ದಾರಿಯುದ್ದಕ್ಕೂ ಮೋಹಿನಿಯಕ್ಕ ಅಂದಿನ ಹೆದರಿಕೆಯನ್ನು ಓದಿ ಹೇಳಿದರು. ಯಾವುದೋ ಊರಿನಲ್ಲಿ ಯಾವನೋ ಡ್ರೈವರು ಹೆಸರು ಬದಲಿಸಿಕೊಂಡು ಏನೇನೋ ಮಾಡಿದ್ದನಂತೆ. ಕಾರು ಹತ್ತುವ ಮೊದಲು ಹೆಸರು ಕೇಳಬೇಕು, ಕಂಡರೆ ಸಾಲದು ಎಂದರು. ನೌಫಲ್ ಗೇರು ಬದಲಿಸುತ್ತಾ "ಹೌದಕ್ಕ" ಎಂದ. ಕುಸುಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾದದ್ದು ಮುಂದಿನ ಸೀಟಿನ ಕನ್ನಡಿಯಲ್ಲಿ ಶೆಟ್ಟರಿಗೆ ಕಾಣುತ್ತಿತ್ತು.

ಗುರುವಾಯನಕೆರೆ ದಾಟುವಾಗ ಕಾರಿನ ಸ್ಪೀಕರಿನಲ್ಲಿ ಫೋನು ರಿಂಗಾಯಿತು. ಪರದೆಯ ಮೇಲೆ ಸಬೀಹಾ ಎಂಬ ಹೆಸರಿನ ಮೊದಲ ಅಕ್ಷರ ಮೂಡುವುದರೊಳಗೆ ನೌಫಲ್ ಕಟ್ ಮಾಡಿದ. ಯಾರು ಎಂದು ಹಿಂದಿನಿಂದ ಪ್ರಶ್ನೆ ಬಂತು. ಸರ್ವೀಸ್ ಸೆಂಟರು ಎಂದರು ಶೆಟ್ಟರು. ಸರ್ವೀಸ್ ಸೆಂಟರು ಊಟದ ಹೊತ್ತಿನವರೆಗೆ ಮತ್ತೂ ಎರಡು ಸಲ ಫೋನ್ ಮಾಡಿತು. ಈಗಿನ ಕಾಲದಲ್ಲಿ ಆದಿತ್ಯವಾರವೂ ಇಷ್ಟು ಕಾಳಜಿ ಮಾಡುವವರು ಉಂಟಲ್ಲ ಎಂದು ಮೋಹಿನಿಯಕ್ಕ ಮೆಚ್ಚಿಕೊಂಡರು.

ಹೊಳೆಬದಿಯ ಶಿವಾಲಯ ಪಾಚಿ ಹಿಡಿದ ಕಲ್ಲಿನದ್ದು. ನೂರಾರು ವರ್ಷ ಯಾರ ಹೆಸರನ್ನೂ ಕೇಳದೆ ಕೂತದ್ದು. ಶೆಟ್ಟರು ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಮೋಹಿನಿಯಕ್ಕ ತಿರುಗಿ ನೋಡಿ, ನವೀನ ಯಾಕೆ ಕಾರಿನ ಹತ್ತಿರವೇ ನಿಂತದ್ದು, ಬರಲಿಕ್ಕೆ ಹೇಳು, ಎಂದರು.

ಶೆಟ್ಟರು ಕಾರಿನ ಕಡೆ ತಿರುಗಿದರು. ನೌಫಲ್ ದೂರದಿಂದ ಅವರನ್ನೇ ನೋಡುತ್ತಿದ್ದ. ಬರಲಾರೆ ಎಂಬುದು ಅವನ ನಿಲುವಿನಲ್ಲೇ ಇತ್ತು. ಹೆಸರು ಬಿಟ್ಟುಕೊಟ್ಟವನು ಅದಕ್ಕಿಂತ ಒಳಗಿನದ್ದನ್ನು ಬಿಟ್ಟುಕೊಟ್ಟಿರಲಿಲ್ಲ.

"ಅವನಿಗೆ ಸೂತಕ ಅಕ್ಕ," ಎಂದರು ಶೆಟ್ಟರು.

"ಅಯ್ಯೋ. ಯಾರು ಹೋದದ್ದು?"

"ಮಾವ."

"ತಾಯಿಯ ಅಣ್ಣನಾ?"

"ಹೌದು... ದೂರದ್ದು."

ಇಲ್ಲದ ಮಾವನ ಸಾವಿಗೆ ಮೋಹಿನಿಯಕ್ಕ ಕಣ್ಣೊರೆಸಿಕೊಂಡರು. ಅವರೇ ಕಾರಿನವರೆಗೆ ಹೋಗಿ, ಮಾವನಿಗೆ ಎಷ್ಟು ಪ್ರಾಯ, ಏನಾಗಿತ್ತು ಎಂದು ವಿಚಾರಿಸಿದರು. ನೌಫಲ್ ತಲೆ ತಗ್ಗಿಸಿ, ಹೃದಯದ ಕಾಯಿಲೆ ಎಂದ. ಕೇಳಿದವರಿಗೆ ನಿಜವೆಂದೇ ಕಾಣುವಂತಿತ್ತು. ಬಹುಶಃ ಆ ಹೊತ್ತಿಗೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ವಾಪಸು ಬರುತ್ತಾ ಅಕ್ಕ ತಮ್ಮನಿಗೆ ಹೇಳಿದರು: ಸ್ವಂತ ಅಪ್ಪ ಸತ್ತರೂ ಮೂರನೇ ದಿವಸಕ್ಕೆ ಬಾರಿಗೆ ಹೋಗುವ ಹುಡುಗರ ಕಾಲ ಇದು. ದೂರದ ಸೂತಕಕ್ಕೂ ಹೊರಗೆ ನಿಲ್ಲುತ್ತಾನೆ ಎಂದರೆ ಎಂಥ ಮನೆಯ ಹುಡುಗ ನೋಡು.

ವೇಣೂರಿಗೆ ಬರುವಷ್ಟರಲ್ಲಿ ಆ ಮನೆಯ ಹುಡುಗ ಅವರ ಕಿತ್ತುಹೋದ ಚಪ್ಪಲಿಯ ಬಾರನ್ನು ತಂತಿಯಿಂದ ಬಿಗಿದು ಕೊಟ್ಟಿದ್ದ. ಬಿಸಿಲು ಬೀಳದ ಕಡೆ ಕಾರು ನಿಲ್ಲಿಸಿ, ಮಂಡಿನೋವಿನ ಅಕ್ಕನಿಗೆ ಇಳಿಯಲು ಆಸರೆಯಾಗುವಂತೆ ಬಾಗಿಲ ಹತ್ತಿರ ಕೈ ಚಾಚಿ, ಬಾಯಾರಿಕೆ ಎನ್ನುವ ಮೊದಲೇ ಎಳನೀರಿನ ಬೊಂಡ ಕೆತ್ತಿಸಿ ತಂದಿದ್ದ. ಅವನು ಯಾರ ಕಾರು ಓಡಿಸುವಾಗಲೂ ಮಾಡುವ ಕೆಲಸ ಅದು. ಮೋಹಿನಿಯಕ್ಕ ಮಾತ್ರ ಪ್ರತಿಯೊಂದಕ್ಕೂ "ನಮ್ಮವರು ನಮ್ಮವರೇ" ಎನ್ನುತ್ತಿದ್ದರು.

ಬಸದಿಯೊಳಗೆ ಚರ್ಮದ ವಸ್ತು ಕೂಡದು. ಮೋಹಿನಿಯಕ್ಕ ತಮ್ಮ ಪರ್ಸನ್ನೂ ಶೆಟ್ಟರು ಸೊಂಟದ ಬೆಲ್ಟನ್ನೂ ನೌಫಲನ ಕೈಗೆ ಕೊಟ್ಟು ಒಳಗೆ ಹೋದರು. ಮಗಳ ಚಿಂತೆಯಲ್ಲಿ ಶೆಟ್ಟರು ಇತ್ತೀಚೆಗೆ ಸೊರಗಿದ್ದರು, ಪ್ಯಾಂಟು ಸೊರಗಿರಲಿಲ್ಲ. ಅದು ಹೆಜ್ಜೆ ಹೆಜ್ಜೆಗೂ ಕೆಳಗಿಳಿಯುವ ಹವಣಿಕೆಯಲ್ಲಿತ್ತು. ಗೊಮ್ಮಟನ ಎದುರು ಎಲ್ಲರೂ ಎರಡು ಕೈ ಜೋಡಿಸಿದರೆ ಶೆಟ್ಟರು ಒಂದು ಕೈಯಿಂದ ಸೊಂಟ ಹಿಡಿದು ಇನ್ನೊಂದನ್ನು ಎದೆಗೆ ಒತ್ತಿಕೊಂಡು ನಿಂತರು, ಶಾಲೆಯಲ್ಲಿ ಪ್ರತಿಜ್ಞೆ ಹೇಳುವವರ ಹಾಗೆ. ತಲೆ ಎತ್ತಿ ನೋಡಿದರು. ಮೈಮೇಲೆ ಒಂದು ನೂಲಿಲ್ಲದವನು ಆಕಾಶದ ಕೆಳಗೆ ನಿರಾಳ ನಿಂತಿದ್ದ. ಬಟ್ಟೆ ತೊಟ್ಟ ತಾವು ಎಲ್ಲಿ ಏನು ಜಾರುತ್ತದೋ ಎಂದು ನಡುಗುತ್ತಿದ್ದರು.

ಆಗಲೇ ಮೋಹಿನಿಯಕ್ಕ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ಅಣ್ಣು, ನವೀನನಿಗೆ ಮದುವೆ ಆಗಿದೆಯಾ?"

ಆಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಮಾತು. ಆದರೆ ಆಗಿದೆ ಎಂದರೆ ಯಾರ ಮಗಳನ್ನು, ಯಾವ ಊರು, ಕಾಗದ ಯಾಕೆ ಬರಲಿಲ್ಲ ಎಂದು ಅಕ್ಕ ಕೇಳುತ್ತಾರೆ; ಜಾತಿಯ ಸಂಘದ ಮದುವೆಗಳಲ್ಲಿ ಅವರು ಉಣ್ಣದ ಪಂಕ್ತಿಯೇ ಇಲ್ಲ. ಅದನ್ನು ನೆನೆದು ಶೆಟ್ಟರ ನಾಲಿಗೆ ಇಲ್ಲ ಎಂದಿತು.

"ನಮ್ಮ ವಿಜೇತಾಳಿಗೆ ಹೇಗೆ?"

ವಿಜೇತಾ ಮೋಹಿನಿಯಕ್ಕನ ಒಬ್ಬಳೇ ಮಗಳು. ಶೆಟ್ಟರ ಕೈಯಿಂದ ಪ್ಯಾಂಟು ಎರಡು ಬೆರಳು ಜಾರಿತು. ಏನಾದರೂ ಮಾಡಿ ಈ ಬಾಗಿಲನ್ನು ಮುಚ್ಚಬೇಕಿತ್ತು. ಒಮ್ಮೆಗೇ ಅವರಿಗೆ ಹಿರಿಯರ ಕಟ್ಟಳೆ ನೆನಪಾಯಿತು. ನಮ್ಮ ಕಡೆ ಬಳಿ ಎಂಬುದು ತಾಯಿಯಿಂದ ಬರುವುದು. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ಅಕ್ಕನ ಬಳಿಯೇ ಅಕ್ಕನ ಮಗಳದ್ದೂ.

"ಆಗುವುದಿಲ್ಲ ಅಕ್ಕ. ಅವನದ್ದೂ ಬಂಗೇರ ಬಳಿ. ನಮ್ಮದೇ."

ಮೋಹಿನಿಯಕ್ಕನ ಮುಖ ಬಾಡಿತು. ಹಾಗಾದರೆ ಆ ಮಾವನ ಸೂತಕ ನಮಗೂ ತಾಗುತ್ತದೆಯೇ ಎಂದು ಒಂದು ಗಳಿಗೆ ಗಾಬರಿಯಾದರು. ಬಳಿ ಒಂದೇ, ಕುಟುಂಬ ಬೇರೆ ಎಂದು ಶೆಟ್ಟರು ಸಮಾಧಾನ ಹೇಳಿದರು. ಹೊರಗೆ ಬಂದು ಬೆಲ್ಟು ಕಟ್ಟಿಕೊಳ್ಳುತ್ತಾ ಇಷ್ಟು ದಿನದಲ್ಲಿ ಮೊದಲ ಸಲ ತಮ್ಮ ಬುದ್ಧಿಯ ಬಗ್ಗೆ ಅವರಿಗೆ ಹೆಮ್ಮೆಯಾಯಿತು. ನಡೆದದ್ದನ್ನು ಕುಸುಮಳ ಕಿವಿಯಲ್ಲಿ ಹೇಳಿದರು. ಅವಳು, "ಸಬೀಹಾಳ ಮುಖ ನಾನು ಹೇಗೆ ನೋಡುವುದು?" ಎಂದಷ್ಟೇ ಕೇಳಿದಳು.

ಮೂಡುಬಿದಿರೆ ಮುಟ್ಟುವವರೆಗೆ ಮೋಹಿನಿಯಕ್ಕ ಮಾತಾಡಲಿಲ್ಲ. ಮೊಬೈಲನ್ನೂ ತೆಗೆಯಲಿಲ್ಲ. ಬೆರಳು ಮಡಚಿ ಬಿಚ್ಚಿ ಏನೋ ಲೆಕ್ಕ ಹಾಕುತ್ತಿದ್ದರು. ಅಕ್ಕ ಬಾಯಿ ಮುಚ್ಚಿ ಕೂತರೆ ಏನೋ ಬೇಯುತ್ತಿದೆ ಎಂದು ಅರ್ಥ. ಇದು ಶೆಟ್ಟರಿಗೆ ಬಾಲ್ಯದಿಂದ ತಿಳಿದಿದ್ದ ವಿಷಯ. ಆದರೆ ಸುಳ್ಳು ಫಲಿಸಿದ ಖುಷಿಯಲ್ಲಿ ಮರೆತುಹೋಯಿತು.

ಸಾವಿರ ಕಂಬದ ಬಸದಿಯ ಬಾಗಿಲಲ್ಲೇ ವಾರಿಜ ಟೀಚರು ನಿಂತಿದ್ದರು. ಬಿಳಿ ಕೂದಲು, ಹತ್ತಿ ಸೀರೆ, ತರಗತಿಯ ಕೊನೆಯ ಬೆಂಚನ್ನೂ ತಲುಪುವ ದೃಷ್ಟಿ. ಬೆಲ್ಟು ಬಿಚ್ಚಿಡಲು ಶೆಟ್ಟರು ಮತ್ತೆ ಕಾರಿಗೆ ಓಡಿದರು. ಕುಸುಮ ಕಾಲು ತೊಳೆಯಲು ಹೋದಳು. ಮೋಹಿನಿಯಕ್ಕ ಮತ್ತು ಟೀಚರು ಕಂಬಗಳ ನಡುವೆ ಮಾತಾಡುತ್ತಾ ಒಳಗೆ ಹೋದರು.

ಶೆಟ್ಟರು ಸೊಂಟ ಹಿಡಿದುಕೊಂಡು ಅಲ್ಲಿಗೆ ಮುಟ್ಟಿದಾಗ ಮಾತು ಮುಗಿದಿತ್ತು. ಟೀಚರು ಇರಲಿಲ್ಲ. ಮೋಹಿನಿಯಕ್ಕ ಕಂಬಕ್ಕೆ ಒರಗಿ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವರ ಹಾಗೆ ಕೂತಿದ್ದರು.

"ಹೇಳಿ ಆಯ್ತು. ಹುಡುಗಿ ಕೊಡುವುದಿಲ್ಲ ಅಂತ ಹೇಳಿದೆ."

ಶೆಟ್ಟರಿಗೆ ಸಾವಿರ ಕಂಬವೂ ಒಂದು ಸುತ್ತು ತಿರುಗಿದ ಹಾಗಾಯಿತು.

"ನಿನಗೆ ತಲೆ ಓಡುವುದಿಲ್ಲ, ನಾನೇ ಓಡಿಸ್ಬೇಕು," ಎಂದರು ಅಕ್ಕ. "ನವೀನ ನಮ್ಮ ಬಳಿ. ಅಂದ್ರೆ ನನಗೆ ಮಗನ ಲೆಕ್ಕ, ನಿನಗೆ ಅಕ್ಕನ ಮಗನ ಲೆಕ್ಕ. ತೃಷಾ ಕುಸುಮನ ಬಳಿ. ಮಾವನ ಮಗಳು ಅಳಿಯನಿಗೆ. ಇದಕ್ಕಿಂತ ಒಳ್ಳೆಯದು ಹಿರಿಯರು ಹೇಳಿದ್ದುಂಟಾ? ಕೈಯಲ್ಲಿ ಬಂಗಾರ ಇಟ್ಕೊಂಡು ಮೂಡುಬಿದಿರೆಗೆ ಹುಡುಕ್ಲಿಕ್ಕೆ ಬಂದಿದ್ದೀಯಲ್ಲ ಮಾರಾಯ. ನಮ್ಮ ಡ್ರೈವರ್ ಹುಡುಗನಿಗೇ ಕೊಡುವುದು ಅಂತ ಅವರಿಗೆ ಹೇಳಿಬಿಟ್ಟೆ. ಮಾವನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗೀಲಿ, ಮತ್ತೆ ಮಾತಾಡುವ."

ತಾವು ಮುಚ್ಚಿದ ಬಾಗಿಲೇ ಇನ್ನೊಂದು ಕಡೆಯಿಂದ ತೆರೆದುಕೊಂಡದ್ದನ್ನು ಶೆಟ್ಟರು ಆಗ ಕಂಡರು. ಏನೂ ಹೇಳದೆ ತಿರುಗಿ ಓಡಿದರು. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ಬಸದಿಯ ಅಂಗಳದಲ್ಲಿ ಓಡುವ ಮನುಷ್ಯನನ್ನು ಪ್ರವಾಸಿಗರು ಫೋಟೋ ತೆಗೆದರು.

ಟೀಚರು ರಸ್ತೆಬದಿಯಲ್ಲಿ ರಿಕ್ಷಾಕ್ಕೆ ಕಾಯುತ್ತಿದ್ದರು. ಶೆಟ್ಟರು ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದರು. ನವೀನ ನವೀನನಲ್ಲ, ನೌಫಲ್. ಹೆಂಡತಿ ಉಂಟು, ಮಕ್ಕಳುಂಟು. ಅಕ್ಕನಿಗೆ ಹೆದರಿ ಹೆಸರು ಬದಲಿಸಿದ್ದು. ಸೂತಕ, ಬಳಿ, ಎಲ್ಲ ತನ್ನದೇ ಸೃಷ್ಟಿ. ಹೇಳುತ್ತಾ ಹೋದಂತೆ ನಗು ಬರಬಹುದೆಂದು ಅವರು ಟೀಚರ ಮುಖ ನೋಡಿದರು. ಬರಲಿಲ್ಲ.

"ನಿಮ್ಮ ಅಕ್ಕನ ಮಾತು ಕೇಳಿ ನನಗೆ ಬೇಸರ ಆಗಿತ್ತು ಶೆಟ್ರೇ," ಎಂದರು ಟೀಚರು. "ಈಗ ನಿಮ್ಮ ಮಾತು ಕೇಳಿ ಹೆದರಿಕೆ ಆಗ್ತಾ ಉಂಟು. ಇಷ್ಟು ವರ್ಷದ ಸ್ನೇಹಿತನನ್ನು ಮಡಚಿ ಕಿಸೆಗೆ ಹಾಕುವವರು ಬೀಗರಾದ್ರೆ ನಾಳೆ ನಮ್ಮನ್ನು ಎಲ್ಲಿ ಇಡ್ತೀರಿ?"

ಶೆಟ್ಟರು ಪ್ಯಾಂಟು ಮೇಲೆಳೆದುಕೊಂಡರು. ರಿಕ್ಷಾ ಬಂತು. ಹತ್ತುವ ಮೊದಲು ಟೀಚರು ಒಂದು ದಾರಿ ಬಿಟ್ಟುಕೊಟ್ಟರು, ತಪ್ಪು ಉತ್ತರವನ್ನು ಹೊಡೆದುಹಾಕಿ ಇನ್ನೊಮ್ಮೆ ಬರೆಯಲು ಬಿಡುವ ಹಾಗೆ. "ಇವತ್ತೇ ನಿಮ್ಮ ಅಕ್ಕನಿಗೆ ನಿಜ ಹೇಳಿ. ಅವರೇ ನನಗೆ ಫೋನ್ ಮಾಡ್ಲಿ. ತೃಷಾ ಒಳ್ಳೆ ಹುಡುಗಿ. ಮತ್ತೆ ಮಾತಾಡುವ."

ಹಿಂದಿರುಗುವ ದಾರಿಯಲ್ಲಿ ಶೆಟ್ಟರು ನಿಜ ಹೇಳಲು ಸಂದರ್ಭ ಹುಡುಕಿದರು. ವೇಣೂರಿನಲ್ಲಿ ಹೇಳುವ ಎಂದುಕೊಂಡರು. ಅಕ್ಕ ಆಗ ನವೀನನಿಗೆ ಚಕ್ಕುಲಿ ಕೊಡುತ್ತಿದ್ದರು. ಗುರುವಾಯನಕೆರೆಯಲ್ಲಿ ಹೇಳುವ ಎಂದುಕೊಂಡರು. ಅಕ್ಕ ಆಗ ನವೀನನ ತಾಯಿಯ ಆರೋಗ್ಯ ಕೇಳುತ್ತಿದ್ದರು. ಹಿಂದೆ ಕುಸುಮ ಶೆಟ್ಟರ ಸೀಟಿಗೆ ಮಂಡಿಯಿಂದ ತಿವಿಯುತ್ತಿದ್ದಳು. ಬಂಗೇರ ಬಳಿ, ಮದುವೆ ಎಂದು ಮೋಹಿನಿಯಕ್ಕ ಹಿಂದೆ ಕೂತು ಹೇಳಿದ್ದೆಲ್ಲ ನೌಫಲನಿಗೆ ಕೇಳಿಸುತ್ತಿತ್ತು. ತನಗೆ ಯಾರ ಮಗಳನ್ನು ಗೊತ್ತು ಮಾಡಿದ್ದಾರೆ ಎಂದು ಅವನಿಗೂ ಅರ್ಥವಾಗಿತ್ತು. ಅವನು ತೃಷಾಳನ್ನು ಶಾಲೆಯ ಬ್ಯಾಗಿನ ಕಾಲದಿಂದ ಕಂಡವನು. ಅವಳು ಅವನನ್ನು ಅಣ್ಣ ಎಂದೇ ಕರೆಯುವುದು.

ಮಡಂತ್ಯಾರಿಗೆ ಬಂದಾಗ ಹೊತ್ತು ಕಂತುತ್ತಿತ್ತು. ಮೋಹಿನಿಯಕ್ಕನ ಮನೆಯ ತಿರುವಿನಲ್ಲಿ ಒಂದು ಸೋಡಾ ಅಂಗಡಿ. ಅದರೆದುರು ಬೈಕುಗಳ ಮೇಲೆ ನಾಲ್ಕೈದು ಹುಡುಗರು ಕೂತಿದ್ದರು. ಕಾರು ನಿಂತಿತು. ಅಕ್ಕ ಇಳಿದು ಡ್ರೈ‌ವರನ ಕಿಟಕಿಗೆ ಬಂದು, ಬರುವ ವಾರ ಮನೆಗೆ ಊಟಕ್ಕೆ ಬಾ ಮಗಾ ಎಂದು ಅವನ ತಲೆ ಸವರಿದರು. ಇನ್ನು ತಡೆದರೆ ಮಗಳ ಮದುವೆ ಹೋಯಿತು ಎಂದು ಶೆಟ್ಟರು ಧಡಕ್ಕನೆ ಇಳಿದರು.

"ಅಕ್ಕ, ಇವನು ನವೀನ ಅಲ್ಲ. ಇವನ ಹೆಸರು ನೌಫಲ್. ಬ್ಯಾರಿ. ನಿನಗೆ ಹೆದರಿ ಬೆಳಿಗ್ಗೆಯಿಂದ ನಾನು ಸುಳ್ಳು ಹೇಳಿದ್ದು."

ಶೆಟ್ಟರು ಜೀವಮಾನದಲ್ಲಿ ಮಾಡಿದ ಅತಿ ಧೈರ್ಯದ ಕೆಲಸ ಅದು. ಎದೆ ಹಗುರಾಯಿತು. ಅಕ್ಕ ಬೈಯುತ್ತಾರೆ, ಅಳುತ್ತಾರೆ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಕಡೆಗೆ ಟೀಚರಿಗೆ ಫೋನ್ ಮಾಡುತ್ತಾರೆ ಎಂದು ಕಾದು ನಿಂತರು.

ಮೋಹಿನಿಯಕ್ಕ ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇಷ್ಟು ಕೆಳಗೆ ಇಳಿತೀಯ ಅಂತ ನನಗೆ ಗೊತ್ತಿರ್ಲಿಲ್ಲ ಅಣ್ಣು," ಎಂದರು. "ಆ ಲೈಬ್ರರಿಯವನಿಗೆ ಮಗಳನ್ನು ಕೊಡ್ಲಿಕ್ಕೆ ಬೇಕಾಗಿ, ಸೂತಕದಲ್ಲಿರುವ ನಮ್ಮ ಹುಡುಗನನ್ನು ಬ್ಯಾರಿ ಅಂತ ಹೇಳ್ತೀಯಲ್ಲ?"

ಶೆಟ್ಟರು ಆಣೆ ಹಾಕಿದರು. ಕುಸುಮಳೂ ಇಳಿದು ಬಂದು ಹೌದತ್ತಿಗೆ, ನಿಜ ಎಂದಳು. ಗಂಡನ ಜೊತೆ ನೀನೂ ಸೇರಿದೆಯಾ ಎಂದು ಅಕ್ಕನ ದನಿ ಏರಿತು. ಬ್ಯಾರಿ ಎಂಬ ಶಬ್ದ ಮೂರು ನಾಲ್ಕು ಸಲ ತಿರುವಿನಲ್ಲಿ ಬಿತ್ತು. ಸೋಡಾ ಅಂಗಡಿಯ ಎದುರಿನ ಮಾತು ನಿಂತಿತು. ಹುಡುಗರು ಒಬ್ಬೊಬ್ಬರಾಗಿ ಬೈಕಿನಿಂದ ಇಳಿದರು. ಎಂತ ಮೋಹಿನಿಯಕ್ಕ, ಎಂತ ಆಯ್ತು ಎಂದು ಕೇಳುತ್ತಾ ಹತ್ತಿರ ಬಂದರು. ಒಬ್ಬ ಕಾರಿನ ನಂಬರಿಗೆ ಮೊಬೈಲ್ ಹಿಡಿದ.

ಬೆಳಿಗ್ಗೆ ಅಕ್ಕ ಓದಿ ಹೇಳಿದ ಕತೆಯ ಡ್ರೈವರು ಯಾರೆಂದು ಶೆಟ್ಟರಿಗೆ ಈಗ ಗೊತ್ತಾಯಿತು. ಹೆಸರು ಬದಲಿಸಿಕೊಂಡು, ಹೆಂಗಸರನ್ನು ಕೂರಿಸಿಕೊಂಡು, ದೇವಸ್ಥಾನದಿಂದ ದೇವಸ್ಥಾನಕ್ಕೆ ಹೋದವನು. ಆ ಕತೆಯನ್ನು ಅವರು ಒಂದೊಂದು ಅಕ್ಷರವೂ ತಪ್ಪದಂತೆ ನೌಫಲನ ಮೇಲೆ ಪ್ರಿಂಟ್ ಹೊಡೆದಿದ್ದರು.

"ನೀನೇ ಹೇಳು ಮಗಾ," ಎಂದರು ಮೋಹಿನಿಯಕ್ಕ. "ಹೆದರ್ಬೇಡ. ನಿನ್ನ ಹೆಸರೆಂತ?"

ನೌಫಲ್ ಕಿಟಕಿಯ ಹೊರಗಿನ ಮುಖಗಳನ್ನು ನೋಡಿದ. ಆಮೇಲೆ ಶೆಟ್ಟರನ್ನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಶೆಟ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನವೀನ ಶೆಟ್ಟಿ," ಎಂದ.

"ಬಳಿ?" ಎಂದ ಮೊಬೈಲ್ ಹಿಡಿದವನು.

"ಬಂಗೇರ."

ಹುಡುಗರು ನಕ್ಕು ಸಡಿಲಾದರು. ಒಬ್ಬ ಕಿಟಕಿಯೊಳಗೆ ಕೈ ಹಾಕಿ ನೌಫಲನ ಹೆಗಲು ತಟ್ಟಿದ. ಇನ್ನೊಬ್ಬ ಶೆಟ್ಟರಿಗೆ, ನಮ್ಮವರನ್ನೇ ಬ್ಯಾರಿ ಮಾಡ್ಬೇಡಿ ಮಾರಾಯ್ರೆ, ಜೀವ ಹೋಗುವ ವಿಷಯ ಅದು ಎಂದು ಬುದ್ಧಿ ಹೇಳಿದ. ಶೆಟ್ಟರು ತಲೆಯಾಡಿಸಿದರು. ಇನ್ನೊಮ್ಮೆ ನಿಜ ಹೇಳುವ ಧೈರ್ಯ ಅವರಲ್ಲಿ ಇತ್ತೋ ಇಲ್ಲವೋ, ಹೇಳುವ ಹಕ್ಕಂತೂ ಇರಲಿಲ್ಲ.

ಮೋಹಿನಿಯಕ್ಕ ಅಲ್ಲೇ ನಿಂತು ವಾರಿಜ ಟೀಚರಿಗೆ ಫೋನ್ ಮಾಡಿದರು. ತನ್ನ ತಮ್ಮ ಬಂದು ಏನಾದರೂ ಬಣ್ಣ ಕಟ್ಟಿ ಹೇಳಿದ್ದರೆ ನಂಬಬೇಡಿ, ಹುಡುಗನ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ, ನಮ್ಮ ಹುಡುಗಿ ನಮ್ಮ ಹುಡುಗನಿಗೇ, ಎಂದರು. ಆ ಕಡೆಯಿಂದ ಟೀಚರು ಏನು ಹೇಳಿದರೋ ತಿಳಿಯಲಿಲ್ಲ. ಮಾತು ಬೇಗ ಮುಗಿಯಿತು.

ಕಾರು ಬಂಟ್ವಾಳದ ಕಡೆ ತಿರುಗಿತು. ಪುಂಜಾಲಕಟ್ಟೆ ದಾಟಿತು. ಹಿಂದಿನ ಸೀಟಿನಲ್ಲಿ ಕುಸುಮ ಸೆರಗಿನಲ್ಲಿ ಮೂಗು ಒರೆಸುವ ಸದ್ದು ಬರುತ್ತಿತ್ತು. ಕೊನೆಗೆ ಶೆಟ್ಟರು ನೌಫಲನ ಕಡೆ ತಿರುಗದೆಯೇ, ತಾನು ನಿಜ ಹೇಳಲಿಕ್ಕೆ ನೋಡಿದ್ದೆ ಎಂದರು.

"ಬೆಳಿಗ್ಗೆ ನಿಮ್ಮ ಅಂಗಳದಿಂದಲೇ ಫೋನಿನಲ್ಲಿ ಹೇಳಿದ್ದಿದ್ರೆ ಅದರ ಬಾಬ್ತು ನಿಮ್ಮ ತಲೆಗೆ ಮಾತ್ರ ಬರ್ತಿತ್ತು ಶೆಟ್ರೇ," ಎಂದ ನೌಫಲ್. "ಸಂಜೆ ಆ ತಿರುವಿನಲ್ಲಿ ಹೇಳಿದ್ದು ನನ್ನ ತಲೆಗೆ."

ಅಷ್ಟು ಹೇಳಿ ಅವನು ಲೈಟು ಹಾಕಿದ. ಎದುರಿನಿಂದ ಮದುವೆ ಮುಗಿಸಿದ ಕಾರುಗಳು ಸಾಲಾಗಿ, ಮುಂದೆ ಬಾಡಿದ ಹೂವಿನ ಸರ ಕಟ್ಟಿಕೊಂಡು ಬರುತ್ತಿದ್ದವು.

ಶೆಟ್ಟರ ಕಿಸೆಯಲ್ಲಿ ಫೋನು ರಿಂಗಾಯಿತು. ಮೋಹಿನಿಯಕ್ಕ. ಸಿಟ್ಟೆಲ್ಲ ಇಳಿದು ದನಿ ಬೆಲ್ಲವಾಗಿತ್ತು.

"ನಾನು ನಿನ್ನನ್ನು ಕ್ಷಮಿಸಿದ್ದೇನೆ. ಬರುವ ಆದಿತ್ಯವಾರ ಹುಡುಗನ ಮನೆ ನೋಡ್ಲಿಕ್ಕೆ ಹೋಗುವ. ನನ್ನ ಭಜನೆಯವರು ನಾಲ್ಕು ಜನ ಬರ್ತಾರೆ, ಸೋಡಾ ಅಂಗಡಿಯ ಹುಡುಗರೂ ಬೈಕಿನಲ್ಲಿ ಬರ್ತಾರಂತೆ. ಮನೆ ಎಲ್ಲಿ ಅಂತ ಕೇಳಿಡು. ಮತ್ತೆ ಅಣ್ಣು, ಬೇರೆ ಕಾರು ಬೇಡ. ನವೀನನದ್ದೇ ಹೇಳು."

ದನಿ ಕಾರಿನೊಳಗೆ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. ನೌಫಲ್ ಕಾರನ್ನು ಮೆಲ್ಲನೆ ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದ. ಎರಡೂ ಕೈ ಸ್ಟಿಯರಿಂಗಿನ ಮೇಲೆ ಇಟ್ಟು, ತನ್ನ ಮನೆ ಎಲ್ಲಿ ಎಂದು ಶೆಟ್ಟರು ಅಕ್ಕನಿಗೆ ಏನು ಹೇಳುತ್ತಾರೋ ಕೇಳಲು ಕಾದು ಕೂತ.